ಭಾರದ ದೋಣಿಯೂ ಹಗುರದ ದೋಣಿಯೂ

ವೇಗವನ್ನೇ ಯೋಗ್ಯತೆಯ ಏಕಮಾತ್ರ ಅಳತೆಗೋಲೆಂದು ತಿಳಿಯುವ ಪ್ರವೃತ್ತಿ ಎಲ್ಲೆಡೆಯೂ ಬಲವಾಗುತ್ತಿದೆ. ಮುಂದೆ ಹೋದವನು ಸಮರ್ಥ, ಹಿಂದೆ ಉಳಿದವನು ಅಸಮರ್ಥ ಎಂದು ತೀರ್ಪು ಕೊಡುವುದು ಸುಲಭ. ಆದರೆ ಯಾರು ಎಷ್ಟು ಭಾರ ಹೊತ್ತು ಹೊರಟಿದ್ದರು, ಎಷ್ಟು ದೂರದ ದಾರಿಗೆ ಹೊರಟಿದ್ದರು ಎಂಬುದನ್ನು ವಿಚಾರಿಸದೆ ಕೊಟ್ಟ ತೀರ್ಪು ನ್ಯಾಯವಾದುದಲ್ಲ. ಈ ಮಾತಿಗೆ ಹಾಯಿದೋಣಿಗಳಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದು ದೊರೆಯಲಾರದು.

ಹಾಯಿದೋಣಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ನೀರಿನಲ್ಲಿ ಆಳವಾಗಿ ಕುಳಿತು, ನೀರನ್ನು ಎರಡೂ ಪಕ್ಕಕ್ಕೆ ಸರಿಸುತ್ತ ಗಂಭೀರವಾಗಿ ಸಾಗುವುದು. ಇದರದು ಡಿಸ್‌ಪ್ಲೇಸ್‌ಮೆಂಟ್ ಒಡಲು. ಇನ್ನೊಂದು, ಗಾಳಿ ಬಿರುಸಾದೊಡನೆ ಮುಂಭಾಗವನ್ನು ಮೇಲೆತ್ತಿ, ನೀರಿನ ಮೇಲ್ಮೈಯ ಮೇಲೆಯೇ ಜಾರಿಕೊಂಡು ಓಡುವುದು. ಇದರದು ಪ್ಲೇನಿಂಗ್ ಒಡಲು. ಮೊದಲನೆಯದನ್ನು ಸರಿಸುವ ದೋಣಿಯೆಂದೂ ಎರಡನೆಯದನ್ನು ಜಾರುವ ದೋಣಿಯೆಂದೂ ಕರೆಯೋಣ.

ನಮ್ಮ ಕರಾವಳಿಯ ಓದುಗರಿಗೆ ಈ ಭೇದವನ್ನು ತಿಳಿಯಲು ಒಂದು ಹೆಂಚು ಸಾಕು. ಒಂದು ಕಾಲದಲ್ಲಿ ಮಂಗಳೂರಿನ ಹೆಂಚುಗಳನ್ನು ಹೊಟ್ಟೆತುಂಬ ಹೇರಿಕೊಂಡು ಹಾಯಿಹಡಗುಗಳು ಮುಂಬಯಿಗೆ ಬರುತ್ತಿದ್ದವು. ಹೇರಿದ ಹೆಂಚಿನ ತೂಕವೆಷ್ಟೋ ಅಷ್ಟೇ ತೂಕದ ನೀರನ್ನು ಹಡಗು ಹೆಚ್ಚಾಗಿ ಪಕ್ಕಕ್ಕೆ ಸರಿಸಬೇಕು. ಅದು ತೇಲುವುದೇ ಆ ಬಲದಿಂದ. ಅದೇ ಹೆಂಚಿನ ಒಂದು ಚೂರನ್ನು ಕೆರೆಯ ಮೇಲೆ ಓರೆಯಾಗಿ ಬೀಸಿ ಎಸೆದರೆ, ಮುಳುಗಬೇಕಾದ ಚೂರು ಪುಟಿಯುತ್ತ ಪುಟಿಯುತ್ತ ಹೋಗುತ್ತದೆ. ವೇಗವಿರುವ ತನಕ ನೀರು ಅದನ್ನು ಕೆಳಗಿನಿಂದ ನೂಕಿ ಎತ್ತುತ್ತಿರುತ್ತದೆ. ವೇಗ ತಗ್ಗಿದ ಕ್ಷಣವೇ ಅದು ತಳ ಸೇರುತ್ತದೆ. ಜಾರುವ ದೋಣಿಯನ್ನು ಮೇಲೆತ್ತುವುದೂ ಇದೇ ನೂಕುಬಲ. ವೇಗ ತಗ್ಗಿದರೆ ಅದು ಮುಳುಗುವುದಿಲ್ಲ, ಮತ್ತೆ ನೀರನ್ನು ಸರಿಸುವ ಸಾಮಾನ್ಯ ದೋಣಿಯಾಗುತ್ತದೆ.

ಸರಿಸುವ ದೋಣಿ ಏಕೆ ನಿಧಾನ? ಅದು ಸೋಮಾರಿಯೆಂದಲ್ಲ. ಸಾಗುವ ದೋಣಿ ತನ್ನ ಮುಂಭಾಗದಲ್ಲಿ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಈ ಅಲೆ ಉದ್ದವಾಗುತ್ತ ಹೋಗಿ, ಕೊನೆಗೆ ದೋಣಿಯಷ್ಟೇ ಉದ್ದವಾಗುತ್ತದೆ. ಆಗ ಮುಂಭಾಗ ಒಂದು ಅಲೆಯ ನೆತ್ತಿಯಲ್ಲಿ, ಹಿಂಭಾಗ ಮುಂದಿನ ಅಲೆಯ ನೆತ್ತಿಯಲ್ಲಿ, ನಡುವೆ ತಗ್ಗು. ಇನ್ನೂ ಮುಂದೊತ್ತಿದರೆ ಹಿಂಭಾಗ ತಗ್ಗಿಗೆ ಕುಸಿದು, ತಾನೇ ಎಬ್ಬಿಸಿದ ಅಲೆಯನ್ನು ದೋಣಿ ತಾನೇ ಏರಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಇಂಜಿನಿಯರು ಸಣ್ಣ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸಿ, ಈ ಅಲೆಗಳ ತಡೆಯನ್ನು ಲೆಕ್ಕಕ್ಕೆ ತಂದರು. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಆ ದೋಣಿಯ ಮಿತಿ ಸುಮಾರಾಗಿ ನಾಟ್‌ಗಳಲ್ಲಿ ದೊರೆಯುತ್ತದೆ. ೩೬ ಅಡಿಯ ದೋಣಿಗೆ ಇದು ೮ ನಾಟ್, ಅಂದರೆ ಗಂಟೆಗೆ ಸುಮಾರು ೧೫ ಕಿಲೋಮೀಟರು. ತೀರ ಸಪೂರವಾದ ಒಡಲುಗಳು ಈ ಮಿತಿಯನ್ನು ಮೀರಬಲ್ಲವು. ಆದರೆ ಭಾರದ ದೋಣಿಗೆ ಹಾಯಿಯನ್ನು ಎಷ್ಟೇ ದೊಡ್ಡದು ಮಾಡಿದರೂ ಲಾಭ ಅತ್ಯಲ್ಪ, ಅಪಾಯವೇ ಹೆಚ್ಚು.

ಈ ಮಿತಿಯನ್ನು ದಾಟಲು ದೋಣಿಯ ರೂಪವೇ ಬದಲಾಗಬೇಕೆಂದು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಉಫಾ ಫಾಕ್ಸ್ ಪ್ರಮುಖರು. ೧೯೨೮ರಲ್ಲಿ ಅವರು ‘ಅವೆಂಜರ್’ ಎಂಬ ೧೪ ಅಡಿಯ ದೋಣಿಯನ್ನು ನೀರಿಗಿಳಿಸಿದರು. ಮುಂಭಾಗ ಚೂಪು, ಹಿಂದಕ್ಕೆ ಹೋದಂತೆ ತಳ ಚಪ್ಪಟೆ, ಮೈಯೆಲ್ಲ ಹಗುರ. ಆ ವರ್ಷ ಅದು ೫೭ ಪಂದ್ಯಗಳಲ್ಲಿ ೫೨ನ್ನು ಗೆದ್ದಿತು. ಇಂದಿನ ಹಗುರದ ಸ್ಪರ್ಧಾದೋಣಿಗಳು ಬಹುಮಟ್ಟಿಗೆ ಅದು ತೋರಿದ ದಾರಿಯಲ್ಲಿಯೇ ಬಂದವು.

ಆದರೆ ಈ ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ಜಾರುವ ದೋಣಿಗೆ ನಾಲ್ಕು ಮೂಟೆ ಹೇರಿದರೆ ಅದು ಜಾರುವುದನ್ನೇ ಮರೆಯುತ್ತದೆ. ಗಾಳಿ ಬಿದ್ದರೆ ಅದರ ಅಗಲವಾದ ತಳ ನೀರಿಗೆ ಅಂಟಿಕೊಂಡು ಎಳೆಯುತ್ತದೆ. ಎದುರಲೆಗಳಿಗೆ ಆ ಚಪ್ಪಟೆ ತಳ ಪಟಪಟನೆ ಅಪ್ಪಳಿಸುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಸವಾರರು ಅಂಚಿನಾಚೆಗೆ ಮೈಚಾಚಿ ತೂಗಾಡುತ್ತಿರಬೇಕು.

ಸರಿಸುವ ದೋಣಿ ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಮುಂಬಯಿಯಲ್ಲಿಯೇ ಸಾಕ್ಷ್ಯವಿದೆ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕರು ಇದೇ ನಗರದಲ್ಲಿ ತೇಗದ ಮರದಿಂದ ಕಟ್ಟಿಸಿ ೧೯೬೪ರಲ್ಲಿ ನೀರಿಗಿಳಿಸಿದ ‘ಸುಹೈಲಿ’ ೩೨ ಅಡಿಯ, ಭಾರವಾದ, ಹಳೆಯ ಕ್ರಮದ ದೋಣಿ. ಜಗತ್ತನ್ನು ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಸುತ್ತುವ ೧೯೬೮ರ ಪಂದ್ಯಕ್ಕೆ ಹೊರಟವರು ಒಂಬತ್ತು ಜನ, ಮುಗಿಸಿದವರು ಅವರೊಬ್ಬರೇ. ಹಿಡಿದ ಕಾಲ ೩೧೨ ದಿನ. ಮುಂದೆ ಅಭಿಲಾಷ್ ಟೋಮಿಯವರು ಗೋವೆಯಲ್ಲಿ ಕಟ್ಟಿದ ‘ಮ್ಹಾದೇಯಿ’ಯಲ್ಲಿ ೨೦೧೨ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು, ೨೦೧೩ರ ಮಾರ್ಚ್ ೩೧ರಂದು ಮುಂಬಯಿಗೇ ಮರಳಿ, ಈ ಸಾಹಸವನ್ನು ಮಾಡಿದ ಮೊದಲನೆಯ ಭಾರತೀಯರಾದರು.

ಅದೇ ಜಗತ್ಪ್ರದಕ್ಷಿಣೆಯನ್ನು ಫ್ರಾನ್ಸಿನ ಚಾರ್ಲಿ ಡಾಲಿನ್ ೨೦೨೫ರ ಜನವರಿಯಲ್ಲಿ ೬೪ ದಿನ ೧೯ ಗಂಟೆಗಳಲ್ಲಿ ಮುಗಿಸಿದರು. ಅವರದು ೬೦ ಅಡಿಯ, ನೀರಿನ ಮೇಲೆ ಜಾರುವ, ಪಕ್ಕದ ರೆಕ್ಕೆಗಳ ಮೇಲೆ ಏಳುವ ದೋಣಿ. ಅವರ ಸಾಧನೆ ಅದ್ಭುತವೇ ಸರಿ. ಆದರೆ ೬೪ನ್ನು ೩೧೨ರ ಪಕ್ಕದಲ್ಲಿಟ್ಟು ‘ಸುಹೈಲಿ’ಯನ್ನು ಹೀಗಳೆಯುವವನು ದೋಣಿಯನ್ನೂ ಅರಿಯ, ಸಮುದ್ರವನ್ನೂ ಅರಿಯ. ಒಂದರ ಗುರಿ ಎಲ್ಲರಿಗಿಂತ ಮೊದಲು ತಲುಪುವುದು. ಇನ್ನೊಂದರ ಗುರಿ ಹೇಗಾದರೂ ತಲುಪುವುದು.

ನಮ್ಮ ಜನರ ಬದುಕಿಗೂ ಈ ಮಾತು ಸಲ್ಲುತ್ತದೆ. ಹೋಟೆಲಿನಲ್ಲಿ ದುಡಿದು, ಊರಿನ ಸಾಲ, ತಂಗಿಯ ಮದುವೆ, ತಮ್ಮನ ಓದು ಇವೆಲ್ಲವನ್ನೂ ಹೊತ್ತು ಸಾಗುವ ತರುಣನನ್ನು, ಯಾವ ಹೊರೆಯೂ ಇಲ್ಲದೆ ಬೆಳೆದವನೊಡನೆ ಪಂದ್ಯಕ್ಕೆ ನಿಲ್ಲಿಸಿ, ‘ನೀನು ಹಿಂದೆ ಬಿದ್ದೆ’ ಎಂದು ಆಡಿಕೊಳ್ಳುವವರಿದ್ದಾರೆ. ಅವನ ನಿಧಾನ ಅವನ ಕುಂದಲ್ಲ. ಅವನು ಹೊತ್ತ ಭಾರದ ಲೆಕ್ಕ. ಆ ಭಾರದಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ.

ಹಾಗೆಂದು ಹೊರೆಯೇ ಭೂಷಣವೆಂದು ನಾವು ಹೇಳುತ್ತಿಲ್ಲ. ಜಾರುವ ದೋಣಿಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಅದಕ್ಕೆ ಅತ್ಯಂತ ಕಷ್ಟದ ಘಳಿಗೆ ನೀರಿನಿಂದ ಮೇಲೇಳುವ ಮೊದಲಿನದು. ತನ್ನ ಅಲೆಯ ಬೆನ್ನನ್ನು ಏರುವಾಗ ಒಂದು ಬಲವಾದ ಗಾಳಿ ಬೇಕು. ಏರಿದ ಮೇಲೆ, ಅಷ್ಟೇ ಗಾಳಿಯಲ್ಲಿ ಅದು ಹಗುರವಾಗಿ ಓಡುತ್ತದೆ. ಹಗಲೆಲ್ಲ ದುಡಿದು ರಾತ್ರಿ ಓದುವ ಹುಡುಗನಿಗೆ ಪರೀಕ್ಷೆಯ ತಿಂಗಳೇ ಆ ಏರು. ಆಗ ಮಾಲಿಕರು ಒಂದೆರಡು ಗಂಟೆಯ ಬಿಡುವು ಕೊಟ್ಟರೆ, ಜೊತೆಯ ಕೆಲಸಗಾರರು ಅವನ ಪಾಳಿಯನ್ನು ಹಂಚಿಕೊಂಡರೆ, ನಮ್ಮ ಸಂಘಗಳು ಶುಲ್ಕದ ಹಣವನ್ನು ಒದಗಿಸಿದರೆ, ಅದೇ ಅವನಿಗೆ ಬೇಕಾದ ಗಾಳಿ. ಹಾಯಿ ದೊಡ್ಡದು ಮಾಡಿಕೋ ಎಂದು ದಡದಲ್ಲಿ ನಿಂತು ಕೂಗುವುದರಿಂದ ಯಾವ ದೋಣಿಯೂ ಮೇಲೇಳದು. ಅದರ ಭಾರವನ್ನು ಒಂದಿಷ್ಟು ಇಳಿಸಬೇಕು. ಈ ವಿಷಯವನ್ನು ನಮ್ಮ ಸಂಘಸಂಸ್ಥೆಗಳ ಮುಖಂಡರೂ ಹೋಟೆಲ್ ಮಾಲಿಕರೂ ಮನಸ್ಸಿಗೆ ತಂದುಕೊಳ್ಳುವರೆಂದು ನಾವು ಆಶಿಸುತ್ತೇವೆ.