ಬಾಲಿಕೆಯರ ರಕ್ತಹೀನತೆಯೂ ಮನೆಯ ಪಂಕ್ತಿಯೂ

ಶಾಲೆಯ ಸ್ಮರಣ ಸಂಚಿಕೆ ಕೈಗೆ ಬಂದೊಡನೆ ಪರೀಕ್ಷೆಯ ಫಲಗಳನ್ನೂ ಆಟಪಾಠಗಳ ಬಹುಮಾನಗಳನ್ನೂ ಓದಿ ತಾಯಿತಂದೆಗಳು ಹರ್ಷಪಡುವುದು ಸಹಜವಷ್ಟೆ. ಆದರೆ ಆ ಬಹುಮಾನಗಳನ್ನು ಪಡೆದ ಬಾಲಿಕೆಯರ ಮೈಯಲ್ಲಿ ರಕ್ತವು ಸಾಕಷ್ಟು ಇದೆಯೇ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ಪೋಷಕರ ಮುಂದೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿ ರಕ್ತಹೀನತೆಯಿಂದ ಬಳಲುವವರು. ಅದೇ ವಯಸ್ಸಿನ ಹುಡುಗರಲ್ಲಿ ಈ ಸಂಖ್ಯೆ 31. ಅಳತೆಯ ಕ್ರಮವನ್ನು ಕುರಿತು ತಜ್ಞರಲ್ಲಿ ವಾದವುಂಟು. ಆದರೆ ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೀಳಾಗಿದೆಯೆಂಬುದರಲ್ಲಿ ವಾದವಿಲ್ಲ.

ರಕ್ತ ಕಡಿಮೆಯಾದ ಬಾಲಿಕೆ ಮೆಟ್ಟಿಲು ಹತ್ತುವಾಗ ಏದುವಳು. ಪಾಠದಲ್ಲಿ ಮನಸ್ಸು ನಿಲ್ಲದು. ಮನೆಯವರು ಅವಳನ್ನು ಸೋಮಾರಿಯೆನ್ನುವರು. ಅವಳೇ ಮುಂದೆ ತಾಯಿಯಾದಾಗ, ಹೆರಿಗೆಯಲ್ಲಿ ಇತರರು ತಾಳಿಕೊಳ್ಳಬಹುದಾದಷ್ಟು ರಕ್ತಸ್ರಾವವೂ ಅವಳ ಪ್ರಾಣಕ್ಕೆ ಅಪಾಯವನ್ನು ತರಬಲ್ಲುದು. ಕೂಸೂ ತೂಕ ಕಡಿಮೆಯಾಗಿ ಹುಟ್ಟುವ ಸಂಭವವುಂಟು.

ಔಷಧವಿಲ್ಲವೆನ್ನುವ ಹಾಗಿಲ್ಲ. 1928ರಲ್ಲಿ ಬೊಂಬಾಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಬಡ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯನ್ನು ಪರೀಕ್ಷಿಸಿ, ಅದರ ಮೂಲವು ಆಹಾರದ ಕೊರತೆಯಲ್ಲಿದೆಯೆಂದೂ ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದೂ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಇದನ್ನೂ ಕಬ್ಬಿಣಾಂಶವನ್ನೂ ಕೂಡಿಸಿದ ಮಾತ್ರೆಯನ್ನು ವಾರಕ್ಕೊಮ್ಮೆ ಶಾಲೆಗಳಲ್ಲಿ ಕೊಡುವ ಯೋಜನೆಯನ್ನು ಸರಕಾರವು 2013ರಲ್ಲಿ ಆರಂಭಿಸಿತು. ಹಾಗಿದ್ದರೂ ರೋಗವು ಏಕೆ ಇಳಿಯಲಿಲ್ಲ?

ಮಾತ್ರೆಯು ಶಾಲೆಯಲ್ಲಿ ದೊರೆತರೂ ಊಟವು ಮನೆಯಲ್ಲಿಯೇ ಆಗತಕ್ಕದ್ದು ಎಂಬುದೇ ನಮ್ಮ ಉತ್ತರ. ಗಂಡಸರ ಪಂಕ್ತಿ ಮುಗಿದ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಮೊಟ್ಟೆ, ಮಾಂಸ, ಕಾಳುಪಲ್ಯಗಳು ಮೊದಲ ಪಂಕ್ತಿಗೇ ಮುಗಿಯುವುವು. ಮಗಳ ಪಾಲಿಗೆ ಅನ್ನವೂ ತಿಳಿಸಾರೂ ಉಳಿಯುವುವು. ತಿಂಗಳಿನ ಸ್ರಾವವು ಮಿತಿಮೀರಿದರೂ ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆ. ಕೇಳಲು ತಾಯಿಗೂ ಸಂಕೋಚ.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಕೇಳಿದ್ದಾರೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದುದೆಲ್ಲವನ್ನೂ ವೈದ್ಯರಿಗೆ ತೆತ್ತು, ಗುಂಪಿನ ಹಿಂದಿನಿಂದ ಅಂಜುತ್ತ ಬಂದ ಸ್ತ್ರೀಯು ತನ್ನ ಸಂಗತಿಯನ್ನು ಎಲ್ಲರೆದುರಿಗೆ ಹೇಳುವಂತಾಯಿತು. ಅವಳನ್ನು ಯಾರೂ ಗದರಿಸಲಿಲ್ಲ. ಅದೇ ಅಧ್ಯಾಯದಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳು ಎದ್ದು ನಡೆದಾಡಿದಾಗ, ಅವಳಿಗೆ ಆಹಾರ ಕೊಡಬೇಕೆಂದು ಕರ್ತನು ಮನೆಯವರಿಗೆ ಅಪ್ಪಣೆ ಮಾಡಿದನು. ಅದ್ಭುತವನ್ನು ಕಂಡು ಬೆರಗಾದವರಿಗೂ ಹುಡುಗಿಯ ಊಟವನ್ನು ನೆನಪಿಸಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಇದೆಲ್ಲವೂ ಬಡತನದ ಫಲವೆಂದು ಕೆಲವರು ಹೇಳುವರು. ಬಡತನವು ದೊಡ್ಡ ಕಾರಣವೇ ಸರಿ. ಆದಕಾರಣ ಸರಕಾರವನ್ನು ಎಚ್ಚರಿಸುವುದೂ ನಮ್ಮ ಕೆಲಸವೇ. ಮತ ಕೇಳಲು ಬರುವವರನ್ನು, ನಮ್ಮ ಆರೋಗ್ಯಕೇಂದ್ರದಲ್ಲಿ ಮಾತ್ರೆಗಳ ದಾಸ್ತಾನು ಉಂಟೇ, ರಕ್ತಪರೀಕ್ಷೆ ನಡೆಯುವುದೇ, ಸ್ತ್ರೀ ವೈದ್ಯರಿರುವರೇ ಎಂದು ನಮ್ಮ ಸೋದರಿಯರು ಕೇಳಲಿ. ಆದರೆ ಅನುಕೂಲವಂತರ ಮನೆಗಳಲ್ಲಿಯೂ ಈ ರೋಗವು ವಿರಳವಲ್ಲ. ಅಲ್ಲಿ ಬಡತನದ ನೆಪ ನಡೆಯದು.

ಆದುದರಿಂದ ನಮ್ಮ ಸೂಚನೆಯಿದು. ವರ್ಷಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿನಿಯ ರಕ್ತಪರೀಕ್ಷೆಯಾಗಲಿ. ಅಂಕಪಟ್ಟಿಯನ್ನು ಕಳುಹಿಸುವಂತೆಯೇ ಅದರ ಫಲವನ್ನೂ ಮುಚ್ಚಿದ ಲಕೋಟೆಯಲ್ಲಿ ತಾಯಿತಂದೆಗಳಿಗೆ ಕಳುಹಿಸಲಿ. ಗಣಿತದಲ್ಲಿ ಅಂಕ ಕಡಿಮೆಯಾದರೆ ಮನೆಪಾಠಕ್ಕೆ ಏರ್ಪಾಡು ಮಾಡುವ ತಂದೆಯು, ರಕ್ತ ಕಡಿಮೆಯಾದರೆ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಲಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ವೈದ್ಯೆಯರೂ ಉಪಾಧ್ಯಾಯಿನಿಯರೂ ಇದ್ದಾರೆ. ಅವರು ಈ ಕಾರ್ಯಕ್ಕೆ ಕೈಗೂಡಿಸಬೇಕೆಂದು ಬೇಡುತ್ತೇವೆ. ಮಿಕ್ಕವರು ತಂತಮ್ಮ ಮನೆಗಳಲ್ಲಿ ಈ ರಾತ್ರಿಯಿಂದಲೇ ಮಗನನ್ನೂ ಮಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಸಮನಾಗಿ ಬಡಿಸಿ, ತಾವೂ ಅವರೊಡನೆ ಉಣ್ಣಲಿ. ಇದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.