ಸಭೆ ಸುಮ್ಮನಿರಬಾರದು

ಧರ್ಮರಾಯನ ಜೂಜಿನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಗದುಗಿನ ಭಾರತದ ಸಭಾಪರ್ವವನ್ನು ಗಮಕಿಗಳ ಕಂಠದಿಂದ ಕೇಳಿದವರುಂಟು. ತಾಳಮದ್ದಳೆಯಲ್ಲಿ ಶಕುನಿಯ ವಾಕ್ಚಾತುರ್ಯಕ್ಕೆ ತಲೆದೂಗಿದವರುಂಟು. ರಾಜ್ಯ, ಕೋಶ, ತಮ್ಮಂದಿರು, ಕಡೆಗೆ ಪತ್ನಿ, ಎಲ್ಲವೂ ಪಣವಾಗಿ ಹೋದ ಆ ವೃತ್ತಾಂತವನ್ನು ಮತ್ತೆ ಹೇಳಬೇಕಾಗಿಲ್ಲ. ಆದರೆ ಅದರಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ಗಮನಕ್ಕೆ ಬಾರದೆ ಹೋಗುತ್ತವೆ. ಮೊದಲನೆಯದು, ಸೋತದ್ದೆಲ್ಲವೂ ಧೃತರಾಷ್ಟ್ರನ ಮಾತಿನಿಂದ ಹಿಂದಕ್ಕೆ ದೊರೆತಿತ್ತು. ಹಾಗಿದ್ದೂ ಮರಳಿ ಕರೆ ಬಂದೊಡನೆ ಧರ್ಮರಾಯನು ಮರಳಿ ಹೋಗಿ ಹಾಸಿನ ಮುಂದೆ ಕುಳಿತನು. ಎರಡನೆಯದು, ಅದು ಏಕಾಂತದಲ್ಲಿ ನಡೆದ ಆಟವಲ್ಲ. ತುಂಬಿದ ಸಭೆಯಲ್ಲಿ ಕುಲದ ಹಿರಿಯರೆಲ್ಲ ಇದ್ದರು. ವಿದುರ, ವಿಕರ್ಣರಂಥ ಒಬ್ಬಿಬ್ಬರು ಬಾಯಿ ತೆರೆದರು; ಉಳಿದವರು ನೋಡುತ್ತ ಕುಳಿತರು.

ಜೂಜುಕೋರನ ದೌರ್ಬಲ್ಯವನ್ನು ಕುರಿತು ಎಲ್ಲ ಕಾಲದಲ್ಲಿಯೂ ಬಹಳವಾಗಿ ಹೇಳಿದ್ದಾರೆ. ಸಭೆಯ ಕರ್ತವ್ಯವನ್ನು ಕುರಿತು ಹೇಳಿದ್ದು ಕಡಮೆ. ಇಂದು ಆ ಕರ್ತವ್ಯವನ್ನು ಕಲಿಯಬೇಕಾದ ಕಾಲ ಒದಗಿದೆ.

ಮರಳಿ ಮರಳಿ ಹಾಸಿನ ಮುಂದೆ ಕುಳಿತುಕೊಳ್ಳುವ ಈ ಪ್ರವೃತ್ತಿಯನ್ನು ವೈದ್ಯಶಾಸ್ತ್ರವು ಈಗ ಕಾಯಿಲೆಯೆಂದೇ ಪರಿಗಣಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. 2013ರ ಪರಿಷ್ಕರಣದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಚಟಗಳ ಜೊತೆಯಲ್ಲಿಯೇ ಇದಕ್ಕೆ ಸ್ಥಾನವನ್ನು ಕೊಟ್ಟಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಇದನ್ನು ಚಟದ ವ್ಯಾಧಿಗಳಲ್ಲಿ ಎಣಿಸಿದೆ. ಹೊಟ್ಟೆಗೆ ಯಾವ ವಿಷವೂ ಇಳಿಯದೆ, ಬಾಯಿಂದ ಯಾವ ವಾಸನೆಯೂ ಬಾರದೆ, ಮನುಷ್ಯನು ಚಟಕ್ಕೆ ಈಡಾಗಬಹುದು. ಕುಡಿದು ಬಂದವನನ್ನು ಬೀದಿಯೇ ಗುರುತಿಸುತ್ತದೆ; ಆಡಿ ಸೋತವನನ್ನು ಪಕ್ಕದಲ್ಲಿ ಮಲಗಿದವರೂ ಗುರುತಿಸಲಾರರು.

ಹಿಂದೆ ಜೂಜಿಗೆ ಒಂದು ಸ್ಥಳವಿತ್ತು, ಒಂದು ಹೊತ್ತಿತ್ತು. ಇಸ್ಪೀಟಿನ ಮಂಡಲಿಯಾಗಲಿ, ಕುದುರೆ ಪಂದ್ಯದ ಮೈದಾನವಾಗಲಿ, ಹೋಗಿ ಬರಬೇಕಾದ ಜಾಗಗಳು. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಪಣ ಕಟ್ಟುವ ಪದ್ಧತಿಯೊಂದಿತ್ತು. 1960ರ ದಶಕದ ಆರಂಭದಲ್ಲಿ ಆ ದರಗಳು ಬರುವುದು ನಿಂತಾಗ, ಮಡಕೆಯಿಂದ ಅಂಕಿಯ ಚೀಟಿಗಳನ್ನೆತ್ತುವ ಮಟ್ಕಾ ಹುಟ್ಟಿಕೊಂಡಿತು. ಕರ್ನಾಟಕದಲ್ಲಿ ಅದಕ್ಕಿರುವ ‘ಓ.ಸಿ.’ ಎಂಬ ಹೆಸರು ಆ ‘ಓಪನ್’ ಮತ್ತು ‘ಕ್ಲೋಸ್’ ಎಂಬ ಮಾತುಗಳ ಶೇಷ. ಅದಕ್ಕೂ ಚೀಟಿ ಬರೆಯುವವನೊಬ್ಬನಿದ್ದ, ಅವನನ್ನು ಕಾಣಲು ನಡೆದು ಹೋಗುವ ಹಾದಿಯಿತ್ತು. ಮೊಬೈಲ್ ಬಂದ ಮೇಲೆ ಆ ಹಾದಿಯೂ ಅಳಿಯಿತು. ಹಾಸಿಗೆಯಲ್ಲಿ, ಕಚೇರಿಯ ಮೇಜಿನ ಮುಂದೆ, ಮದುವೆಯ ಪಂಕ್ತಿಯಲ್ಲಿ ಕುಳಿತೇ ಪಣ ಕಟ್ಟಬಹುದು. ಬ್ಯಾಂಕಿನ ಹಣ ಕ್ಷಣದಲ್ಲಿ ಕರಗುತ್ತದೆ. ಕರಗಿದ ಮೇಲೆ ಸಾಲ ಕೊಡುವ ಆ್ಯಪ್ ಅದೇ ಫೋನಿನಲ್ಲಿ ಕಾದಿರುತ್ತದೆ.

ಶಾಸನವು ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. ಕರ್ನಾಟಕ ಸರ್ಕಾರವು 2007ರಲ್ಲಿ ಲಾಟರಿಯ ಮಾರಾಟವನ್ನು ನಿಷೇಧಿಸಿತು. 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟಗಳನ್ನು ತಡೆಯಹೊರಟಿತು. ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದರ ಮೇಲೆ ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಶಾಸನವನ್ನು ಅಂಗೀಕರಿಸಿತು. ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಗಳವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಆಡಿದವನು ಅಪರಾಧಿಗಿಂತ ಹೆಚ್ಚಾಗಿ ಪೀಡಿತನೆಂಬ ತಿಳಿವಳಿಕೆ ಅದರಲ್ಲಿ ಅಡಗಿದೆ.

ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದ ವಾದವೆಲ್ಲ, ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬುದನ್ನು ಕುರಿತದ್ದು. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು 1967ರಲ್ಲಿಯೂ, ಕುದುರೆ ಪಂದ್ಯವು ಕೌಶಲದ ಆಟವೆಂದು 1996ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಹೇಳಿತು. ನ್ಯಾಯಶಾಸ್ತ್ರಕ್ಕೆ ಆ ಭೇದ ಅವಶ್ಯಕವಿರಬಹುದು. ಆದರೆ ಮಗಳ ಕಾಲೇಜಿನ ಶುಲ್ಕ ಹೋದ ಮನೆಯಲ್ಲಿ, ಅದು ಕೌಶಲದಿಂದ ಹೋಯಿತೇ ಅದೃಷ್ಟದಿಂದ ಹೋಯಿತೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದು ಬಾಗಿಲನ್ನು ಮುಚ್ಚಿದರೆ ಚಟವು ಇನ್ನೊಂದನ್ನು ಹುಡುಕುತ್ತದೆ. ಹಾಗೆ ಹುಡುಕುವವನನ್ನು ಮೊದಲು ಕಾಣುವವರು ಪೊಲೀಸರಲ್ಲ, ಮನೆಯವರು, ಉಪಾಧ್ಯಾಯರು, ಸಹೋದ್ಯೋಗಿಗಳು, ನೆರೆಯವರು. ಶಿಕ್ಷಣ ದೊರೆಯಬೇಕಾದುದು ಇವರಿಗೆ.

ಎಂಥ ಶಿಕ್ಷಣ? ಉಪದೇಶದಿಂದ ಆಗುವುದು ಅಲ್ಪವೆಂಬುದಕ್ಕೆ ಅಮೆರಿಕದಲ್ಲೊಂದು ದೊಡ್ಡ ನಿದರ್ಶನವುಂಟು. 1983ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ, ಪೊಲೀಸ್ ಅಧಿಕಾರಿಗಳೇ ಶಾಲೆಗಳಿಗೆ ಬಂದು ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುವ ‘ಡೇರ್’ ಎಂಬ ಯೋಜನೆ ಪ್ರಾರಂಭವಾಗಿ ದೇಶದಾದ್ಯಂತ ಹಬ್ಬಿತು. ತಂದೆತಾಯಿಯರು ಮೆಚ್ಚಿದರು, ಶಾಲೆಗಳು ಮೆಚ್ಚಿದವು. ಆದರೆ 1990ರ ದಶಕದಲ್ಲಿ ಸಂಶೋಧಕರು ಪರಿಶೀಲಿಸಿ ನೋಡಿದಾಗ, ಮಾದಕ ವಸ್ತುಗಳ ಬಳಕೆಯ ಮೇಲೆ ಆ ಪಾಠಗಳ ಪರಿಣಾಮ ಅತ್ಯಲ್ಪವೆಂದು ಕಂಡುಬಂತು. ಭಯ ಹುಟ್ಟಿಸುವ ಒಂದು ಭಾಷಣಕ್ಕಿಂತ, ಬೇಡವೆಂದು ಹೇಳುವುದನ್ನೂ ಬೇಸರವನ್ನು ತಾಳುವುದನ್ನೂ ನಿರ್ಧಾರ ಮಾಡುವುದನ್ನೂ ಮಕ್ಕಳಿಂದಲೇ ಅಭ್ಯಾಸ ಮಾಡಿಸುವ ವಿಧಾನ ಮೇಲೆಂಬುದು ಆಮೇಲಿನ ಅನುಭವ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಉಪಾಧ್ಯಾಯರಿಗೆ ತರಬೇತಿ ಕೊಟ್ಟು ಅವರ ಮೂಲಕವೇ ಕಲಿಸುವ ಜೀವನ ಕೌಶಲ ಶಿಕ್ಷಣದ ಮಾದರಿಯನ್ನು ರೂಪಿಸಿರುವುದು ಇದೇ ತತ್ತ್ವದ ಮೇಲೆ.

ಜೂಜಿನ ವಿಷಯದಲ್ಲಿ ಕಲಿಸತಕ್ಕ ಮೊದಲನೆಯ ಪಾಠ ಗಣಿತದ್ದು. ಅದಕ್ಕೆ ಒಂದು ಮಡಕೆ, ಹತ್ತು ಚೀಟಿ, ಒಂದಿಷ್ಟು ಹುಣಸೆ ಬೀಜ ಸಾಕು. ಹತ್ತು ಮಕ್ಕಳನ್ನು ಕೂರಿಸಿ, ಸೊನ್ನೆಯಿಂದ ಒಂಬತ್ತರವರೆಗೆ ಒಬ್ಬೊಬ್ಬರಿಗೆ ಒಂದೊಂದು ಅಂಕಿಯನ್ನೂ ಇಪ್ಪತ್ತಿಪ್ಪತ್ತು ಬೀಜಗಳನ್ನೂ ಕೊಡುವುದು. ಪ್ರತಿ ಸುತ್ತಿಗೂ ಪ್ರತಿಯೊಬ್ಬನೂ ಒಂದು ಬೀಜ ಕಟ್ಟಬೇಕು. ಯಾರ ಅಂಕಿ ಬಂತೋ ಅವನಿಗೆ ಮಟ್ಕಾದ ರೂಢಿಯಂತೆ ಒಂದಕ್ಕೆ ಒಂಬತ್ತು. ಪ್ರತಿ ಸುತ್ತಿನಲ್ಲಿ ಹತ್ತು ಬೀಜ ಒಳಗೆ ಬರುತ್ತವೆ, ಒಂಬತ್ತು ಹೊರಗೆ ಹೋಗುತ್ತವೆ. ಇಪ್ಪತ್ತು ಸುತ್ತುಗಳಾದ ಮೇಲೆ ಒಬ್ಬ ಹುಡುಗನ ಮುಂದೆ ರಾಶಿ ಇರಬಹುದು, ಇನ್ನೊಬ್ಬನ ಕೈ ಬರಿದಾಗಿರಬಹುದು. ಆಟ ನಡೆಸಿದ ಉಪಾಧ್ಯಾಯರ ಮುಂದೆ ಮಾತ್ರ ತಪ್ಪದೆ ಇಪ್ಪತ್ತು ಬೀಜಗಳಿರುತ್ತವೆ. ಮಕ್ಕಳೆಲ್ಲರೂ ರಾಶಿ ಗೆದ್ದವನನ್ನೇ ನೋಡುತ್ತಿರುತ್ತಾರೆ. ಉಪಾಧ್ಯಾಯರ ಇಪ್ಪತ್ತು ಬೀಜಗಳ ಕಡೆಗೆ ಅವರ ಕಣ್ಣನ್ನು ತಿರುಗಿಸುವುದೇ ಈ ಪಾಠದ ಉದ್ದೇಶ. ಜಾಹೀರಾತುಗಳೂ ಗೆದ್ದವನನ್ನಷ್ಟೇ ತೋರಿಸುತ್ತವೆ.

ಅದೇ ಮಡಕೆಯಿಂದ ಇನ್ನೊಂದು ಮಾತನ್ನೂ ತಿಳಿಸಬಹುದು. ಏಳು ಬಾರದೆ ಹತ್ತು ಸುತ್ತುಗಳಾದರೆ, ಇನ್ನು ಏಳು ಬಂದೇ ತೀರಬೇಕೆಂದು ಮಕ್ಕಳು ಕೂಗುತ್ತಾರೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಜೂಜುಗೃಹದಲ್ಲಿ ಚಕ್ರದ ಗುಂಡು ಸತತವಾಗಿ 26 ಬಾರಿ ಕಪ್ಪು ಮನೆಯಲ್ಲಿಯೇ ನಿಂತಿತು. ಇನ್ನು ಕೆಂಪು ಬರಲೇಬೇಕೆಂದು ಸುತ್ತಿಗೊಮ್ಮೆ ಪಣ ಏರಿಸಿದವರು ಅಪಾರ ಹಣ ಕಳೆದುಕೊಂಡರು. ಗುಂಡಿಗೆ ಹಿಂದಿನ ಸುತ್ತಿನ ನೆನಪಿರುವುದಿಲ್ಲ, ನೆನಪಿರುವುದು ಮನುಷ್ಯನಿಗೆ.

ಎರಡನೆಯ ಪಾಠ, ಮನಸ್ಸು ಸಿಕ್ಕಿಬೀಳುವ ಬಗೆಯನ್ನು ಕುರಿತದ್ದು. ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧ. ಕುಕ್ಕಿದಾಗಲೆಲ್ಲ ಕಾಳು ದೊರೆತು ಆಮೇಲೆ ನಿಂತುಹೋದರೆ ಹಕ್ಕಿ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ದೊರೆಯುವುದೆಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ದೊರೆತಿದ್ದರೆ, ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡದೆ ಕುಕ್ಕುತ್ತದೆ. ಜೂಜಿನ ಯಂತ್ರವೂ ಆ್ಯಪ್ ಕೂಡ ಇದೇ ನಿಯಮದಿಂದ ದುಡಿಯುತ್ತವೆ. ಕೂದಲೆಳೆಯಲ್ಲಿ ತಪ್ಪಿದ ಸೋಲು, ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳನ್ನೇ ಎಚ್ಚರಿಸಿ ಆಟವನ್ನು ಮುಂದುವರಿಸುವ ಆಸೆಯನ್ನು ಹೆಚ್ಚಿಸುತ್ತದೆಂದು 2009ರಲ್ಲಿ ಪ್ರಕಟವಾದ ಕೇಂಬ್ರಿಜ್ ಸಂಶೋಧನೆಯೊಂದು ತೋರಿಸಿತು. ಇದನ್ನು ತಿಳಿದ ತಂದೆಯು ಮಗನಿಗೆ ಬುದ್ಧಿಯಿಲ್ಲವೆಂದು ಹಳಿಯುವುದಿಲ್ಲ. ಬುದ್ಧಿವಂತರೂ ಸಿಕ್ಕಿಬೀಳುವಂತೆಯೇ ಬಲೆಯನ್ನು ಹೆಣೆದಿದ್ದಾರೆ.

ಮೂರನೆಯ ಪಾಠ ಸಭೆಯದು, ಎಂದರೆ ಸುತ್ತಲಿನವರದು. ಬೆಂಕಿ ಹತ್ತಿದಾಗ ಏನು ಮಾಡಬೇಕೆಂಬ ಅಭ್ಯಾಸ ಇರುವಂತೆ ಇದಕ್ಕೂ ಒಂದು ಅಭ್ಯಾಸ ಬೇಕು. ಮೊದಲು ಗುರುತಿಸುವುದು: ಕಾರಣ ಹೇಳದ ಸಾಲ, ಅಡಗಿಸಿಡುವ ಫೋನು, ಕೆಟ್ಟ ನಿದ್ರೆ, ಪಂದ್ಯದ ಫಲಿತಾಂಶದೊಡನೆ ಏರಿಳಿಯುವ ಮನಸ್ಸು. ಅನಂತರ ಕೇಳುವುದು. 1997ರಲ್ಲಿ ಸಂಶೋಧಕರು ಕೇವಲ ಎರಡು ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಪಣದ ಹಣವನ್ನು ಹೆಚ್ಚು ಹೆಚ್ಚು ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಎಷ್ಟು ಆಡಿದೆನೆಂಬುದನ್ನು ಹತ್ತಿರದವರಿಂದ ಮುಚ್ಚಿಡಲು ಸುಳ್ಳು ಹೇಳಬೇಕಾಗಿ ಬಂದಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ತಜ್ಞರನ್ನು ಕಾಣುವುದು ಉಚಿತ. ಈ ಪ್ರಶ್ನೆಗಳನ್ನು ಕೇಳಲು ಪಾಂಡಿತ್ಯ ಬೇಕಾಗಿಲ್ಲ, ಕೋಪವಿಲ್ಲದ ಧ್ವನಿ ಬೇಕು.

ಎಲ್ಲಕ್ಕಿಂತ ಕಠಿಣವಾದುದು ಸಾಲದ ವಿಷಯ. ಮರ್ಯಾದೆಗೆ ಅಂಜಿ ತಾಯಿ ಬಳೆಗಳನ್ನು ಮಾರುತ್ತಾಳೆ, ತಂದೆ ಭವಿಷ್ಯನಿಧಿಯಿಂದ ಹಣ ತೆಗೆಯುತ್ತಾನೆ. ಹೊರಗೆ ತಿಳಿಯದಂತೆ ಸಾಲ ತೀರುತ್ತದೆ. ಇದು ಪ್ರೀತಿಯ ಕೆಲಸವೇ ಸರಿ. ಆದರೆ ಚಿಕಿತ್ಸೆಯಿಲ್ಲದೆ ಸಾಲವನ್ನಷ್ಟೇ ತೀರಿಸಿದರೆ, ಸೋತದ್ದೆಲ್ಲವನ್ನೂ ಹಿಂದಿರುಗಿಸಿ ಮರಳಿ ಹಾಸಿನ ಮುಂದೆ ಕೂರಿಸಿದಂತಾಗುತ್ತದೆ. ಮೊದಲು ಸಾಲದ ಪೂರ್ಣ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆಯಿಸಬೇಕು, ಸಂಬಳವೂ ಖಾತೆಯೂ ಕೆಲವು ಕಾಲ ಮನೆಯ ಇನ್ನೊಬ್ಬರ ಕೈಯಲ್ಲಿರಬೇಕು, ಚಿಕಿತ್ಸೆ ಪ್ರಾರಂಭವಾಗಬೇಕು, ತೀರಿಸುವ ಕ್ರಮವನ್ನು ಆಮೇಲೆ ನಿಶ್ಚಯಿಸಬೇಕು. ಸಾಲದ ಸುದ್ದಿ ಬಯಲಾಗುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆಯೂ ಹೌದು. ಸಾಯುವ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಒಡನೆಯೇ ನೆರವನ್ನು ಕೋರಬೇಕು. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆಗೆ ವೆಚ್ಚವಿಲ್ಲ, ಹಗಲಿರುಳೂ ಉತ್ತರ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವಿದೆ. ಮೊಬೈಲ್ ಮತ್ತು ಅಂತರ್ಜಾಲಗಳ ಮಿತಿಮೀರಿದ ಬಳಕೆಗಾಗಿ 2014ರಲ್ಲಿ ತೆರೆದ ‘ಶಟ್’ ಎಂಬ ಚಿಕಿತ್ಸಾಲಯವೂ ಇದೆ.

ಊರೇ ಕೂಡಿ ಚಟವನ್ನು ಎದುರಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಮದ್ಯವರ್ಜನ ಶಿಬಿರಗಳು ದೂರದ ಆಸ್ಪತ್ರೆಯಲ್ಲಿ ನಡೆಯದೆ ಊರಿನ ನಡುವೆಯೇ, ಊರವರ ಸಮಿತಿಯ ಮೇಲ್ವಿಚಾರಣೆಯಲ್ಲಿ, ಎಂಟು ದಿನಗಳ ಕಾಲ ನಡೆಯುತ್ತ ಬಂದಿವೆ. ಮನೆಯವರನ್ನೂ ಕರೆಯಿಸಿ ಕೂರಿಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಜೂಜಿನಿಂದ ಬಿಡಿಸಿಕೊಳ್ಳಲು ಬಯಸುವವರು ತಮ್ಮ ತಮ್ಮಲ್ಲೇ ಕೂಡಿ ಮಾತಾಡುವ ‘ಗ್ಯಾಂಬ್ಲರ್ಸ್ ಅನಾನಿಮಸ್’ ಎಂಬ ಬಳಗವು 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ್ದು ಕೂಡ, ಮದ್ಯ ಬಿಟ್ಟವರ ಅಂಥದೇ ಬಳಗವನ್ನು ನೋಡಿ. ಹಳ್ಳಿಗೆ ಸಾಧ್ಯವಾದುದು ನಗರದ ಬಡಾವಣೆಗೆ ಏಕೆ ಸಾಧ್ಯವಾಗಬಾರದು?

ನಗರದ ಬಡಾವಣೆಗಳಲ್ಲಿ ಮಹಿಳಾ ಸಮಾಜಗಳಿವೆ, ನಿವಾಸಿಗಳ ಸಂಘಗಳಿವೆ, ಗಣೇಶೋತ್ಸವದ ಮಂಡಲಿಗಳಿವೆ, ಶಾಲೆಗಳಲ್ಲಿ ಪೋಷಕರ ಸಭೆಗಳಿವೆ. ವರ್ಷಕ್ಕೆ ಎರಡು ಸಂಜೆಗಳನ್ನು ಇದಕ್ಕಾಗಿ ಮೀಸಲಿಟ್ಟು, ತಜ್ಞರೊಬ್ಬರನ್ನು ಕರೆಯಿಸಿ, ಗುರುತಿಸುವ, ಕೇಳುವ, ನೆರವಿಗೆ ಕರೆಯುವ ಬಗೆಯನ್ನು ಅಭ್ಯಾಸ ಮಾಡುವುದು ಕಷ್ಟವಲ್ಲ. ಬೀದಿಗೆ ಇಬ್ಬರು ಹೀಗೆ ತರಬೇತಾದವರಿದ್ದು, ಅವರ ಮುಂದೆ ಹೇಳಿಕೊಂಡರೆ ಮಾತು ಹೊರಗೆ ಹೋಗದೆಂಬ ವಿಶ್ವಾಸವಿದ್ದರೆ, ಎಷ್ಟೋ ಸಾಲಗಳು ಲಕ್ಷವನ್ನು ಮುಟ್ಟುವ ಮೊದಲು ಸಾವಿರದಲ್ಲಿಯೇ ಬಯಲಿಗೆ ಬಂದಾವು. ನಾಚಿಕೆಯಿಂದ ಮುಚ್ಚಿಟ್ಟದ್ದು ಬೆಳೆಯುತ್ತದೆ. ನಂಬಿದವರ ಮುಂದೆ ಸಕಾಲದಲ್ಲಿ ಆಡಿದ ಮಾತು ಒಂದು ಸಂಸಾರವನ್ನು ಉಳಿಸುತ್ತದೆ. ಆ ಮಾತನ್ನು ಆಡಬಲ್ಲ ಧೈರ್ಯ ಸೋತವನಿಗೆ ಬರಬೇಕಾದರೆ, ಅದನ್ನು ಕೇಳಬಲ್ಲ ತಾಳ್ಮೆಯನ್ನು ಸುತ್ತಲಿನವರು ಮೊದಲು ಕಲಿತಿರಬೇಕು.