ಓಟು ಉಳ್ಳವರ ಭಿಕ್ಷೆಯಲ್ಲ

"ತೆರಿಗೆ ಕಟ್ಟದವರಿಗೆ, ಓದು ಬಾರದವರಿಗೆ ಓಟು ಏಕೆ?" ಎಂದು ಅಮೀನಗಡದ ಸಂತೆಯಲ್ಲೂ ಕೆಲವರು ಕೇಳತೊಡಗಿದ್ದಾರೆ. ಈ ಮಾತು ಹೊಸದಲ್ಲ, ಬಲು ಹಳೆಯದು.

ನಮ್ಮ ಮಗ್ಗುಲ ಐಹೊಳೆಯ ಐನೂರ್ವರು ಸುಮಾತ್ರಾದವರೆಗೆ ವ್ಯಾಪಾರ ಬೆಳೆಸಿದರು. ಆದರೆ ಊರ ಕಟ್ಟಳೆಯಲ್ಲಿ ನಡೆದದ್ದು ಮಹಾಜನರ, ವರ್ತಕರ ಮಾತು, ಹೊರೆ ಹೊತ್ತವನದಲ್ಲ. ಅರಸೊತ್ತಿಗೆಯಲ್ಲಿ ಪ್ರಜೆ ಎಂದರೆ ಆಳಿಸಿಕೊಳ್ಳುವವನು. ಬ್ರಿಟಿಷರ 1935ರ ಕಾಯಿದೆ ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಟ್ಟಿತು. ಅಂದು ಮುಂಬಯಿ ಪ್ರಾಂತದಲ್ಲಿದ್ದ ಹುನಗುಂದ ಸೀಮೆಯ ಬಹುಪಾಲು ಕೂಲಿಗಳಿಗೆ ಬಾಗಿಲು ಮುಚ್ಚಿತ್ತು. ಅದನ್ನು ಮುರಿದದ್ದು 1950ರ ಸಂವಿಧಾನ: 21 ತುಂಬಿದ ಎಲ್ಲರಿಗೂ ಒಂದು ಓಟು, ಒಂದೇ ಬೆಲೆ, 1989ರಿಂದ 18ಕ್ಕೇ.

ಇನ್ನು ತೆರಿಗೆ ಕಟ್ಟದವರಾರು? ಗಿರಣಿ ಕಾರ್ಮಿಕನು ಚಪ್ಪಲಿ ಕೊಂಡರೂ 2017ರಿಂದ ಜಿಎಸ್‌ಟಿ ತೆರುತ್ತಾನೆ. ಸಣ್ಣ ಅಂಗಡಿಕಾರನು ಸರಕು ತಂದರೂ ತೆರುತ್ತಾನೆ. ಬಡವನ ತೆರಿಗೆ ಬೇಕು, ಓಟು ಬೇಡವೇ?

ಆದರೆ ಬಂಧುಗಳೇ, ತಪ್ಪು ನಮ್ಮದೂ ಇದೆ. ನೋಟಿಗೆ ಓಟು ಮಾರಿ ಮರುದಿನ ಕೈಮುಗಿದು ನಿಂತರೆ ನಾವು ಮತ್ತೆ ಆಳಿಸಿಕೊಳ್ಳುವವರೇ. ಪಟ್ಟಣ ಪಂಚಾಯತಿಯಲ್ಲಿ ಲೆಕ್ಕ ಕೇಳೋಣ. ದುಡಿಯಲು ಗೋವೆಗೆ ಹೋದವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದಿದೆಯೇ ಎಂದು ಓಣಿ ಓಣಿ ನೋಡೋಣ. ಕೇಳುವವನೇ ನಾಗರಿಕ.